ಅಡ್ಡಜ್ಜನ ಸ್ಟೂಲು

"ಎಡಕ್ಕೆ ವಾಲಿಸ್ರೋ! ಎಡಕ್ಕೆ ಅಂದ್ರೆ ನಿಮ್ಮ ಎಡ ಅಲ್ಲ, ಅಜ್ಜನ ಎಡ!"

ಬೇಕರಿಯವನು ಕೂಗಿದ. ಶವಪೆಟ್ಟಿಗೆ ಹೊತ್ತ ಆರು ಜನ ಅಜ್ಜನ ಎಡ ಯಾವ ಕಡೆ ಎಂದು ಯೋಚಿಸುತ್ತ ನಿಂತರು. ಪೆಟ್ಟಿಗೆ ಅರ್ಧ ಮನೆಯೊಳಗೆ, ಅರ್ಧ ಹೊರಗೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬರದು. ಆ ಬಾಗಿಲು ಮಾಡಿದವನೂ ಅಜ್ಜನೇ, ಈ ಪೆಟ್ಟಿಗೆ ಮಾಡಿಟ್ಟುಕೊಂಡವನೂ ಅಜ್ಜನೇ. ಐವತ್ತು ವರ್ಷ ಇಡೀ ದ್ವೀಪದ ಕಿಟಕಿ, ಬಾಗಿಲು, ದೋಣಿ ಹಲಗೆಗಳನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದ ಬಡಗಿ ಇವೆರಡನ್ನು ಮಾತ್ರ ಒಂದಕ್ಕೊಂದು ಹಿಡಿದು ನೋಡಿರಲಿಲ್ಲ.

"ನೋಡಿದ್ರಾ? ಹೋಗೋದಕ್ಕೂ ಒಪ್ತಾ ಇಲ್ಲ!" ಎಂದು ಯಾರೋ ಅಂದದ್ದಕ್ಕೆ ಅಳುತ್ತಿದ್ದವರೂ ಕಿಸಕ್ಕನೆ ನಕ್ಕರು. ಯಾವ ಮಾತಿಗೂ ಅಡ್ಡ ಹೇಳುವವನೆಂದೇ ಅವನಿಗೆ ಅಡ್ಡಜ್ಜ ಎಂಬ ಹೆಸರು.

ಅಜ್ಜಿ ಸೆರಗು ಬಿಗಿದು ವರ್ಕ್‌ಶಾಪಿಗೆ ಹೋಗಿ ಸ್ಕ್ರೂಡ್ರೈವರ್ ತಂದಳು. "ಬಾಗಿಲ ಹಲಗೆ ಕಳಚಿದ್ರೆ ಎರಡು ಬೆರಳು ಜಾಗ ಸಿಗುತ್ತೆ. ಸರೀರಿ ಆಚೆ." ತಿರುಪುಗಳನ್ನು ಬಿಚ್ಚಿ, ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದಳು. ಪೆಟ್ಟಿಗೆ ಬೆಣ್ಣೆಯ ಹಾಗೆ ಜಾರಿಕೊಂಡು ಹೊರಗೆ ಹೋಯಿತು.

ಗುಡ್ಡದ ಮೇಲೆ ಮಣ್ಣು ಹಾಕಿ ಬರುವ ಹೊತ್ತಿಗೆ ಮೂರು ಗಂಟೆ. ಎಲ್ಲರೂ ಚಹಾಕ್ಕೆಂದು ಸಭೆಯ ಹಾಲ್‌ಗೆ ಬಂದರು. ಅಂಚೆಯಕ್ಕ ಗಂಟೆ ಬಾರಿಸಿದಳು. ಅವಳು ಅಂಚೆ ಹಂಚುವವಳೂ ಹೌದು, ಸಭೆಯ ಅಧ್ಯಕ್ಷೆಯೂ ಹೌದು.

"ತಪ್ಪು ತಿಳ್ಕೋಬೇಡಿ ಅಜ್ಜಿ. ಇವತ್ತೇ ಕೊನೇ ದಿನ. ಸಂಜೆ ಲಾಂಚ್ ನಿಲ್ಲಿಸಬಾರದು ಅಂತ ನಮ್ಮ ಠರಾವು ಐದು ಗಂಟೆಯೊಳಗೆ ಆಚೆ ದಡದ ಲಾಂಚ್ ಆಫೀಸಲ್ಲಿರ್ಬೇಕು. ನಾಲ್ಕಕ್ಕೆ ಮಧ್ಯಾಹ್ನದ ಲಾಂಚ್ ಹೊರಡುತ್ತೆ."

"ಮಾಡಮ್ಮ, ಮಾಡು. ಇವರಿಗೂ ಸಭೆ ಅಂದ್ರೆ ಪ್ರಾಣ," ಎಂದಳು ಅಜ್ಜಿ.

ಅಜ್ಜಿಗೂ ಅದು ಪ್ರಾಣದ ಮಾತೇ. ಮಗಳು ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಲಾಂಚಿಗೆ ಹೋಗಿ ಸಂಜೆ ಲಾಂಚಿಗೆ ಬರುತ್ತಾಳೆ. ಹಾಗೆ ಹೋಗಿಬರುವವರು ಹದಿನೆಂಟು ಜನ. ಸಂಜೆ ಲಾಂಚ್ ನಿಂತರೆ ಹದಿನೆಂಟೂ ಜನ ಆಚೆಯೇ ರೂಮು ಹಿಡಿಯಬೇಕು. ಅವರ ಹಿಂದೆ ಅವರ ಮಕ್ಕಳು, ಮಕ್ಕಳ ಹಿಂದೆ ಶಾಲೆ.

"ಸಂಜೆ ಲಾಂಚ್ ಬೇಕು ಅನ್ನೋರು?"

ಸೂರು ಹಾರಿಹೋಗುವ ಹಾಗೆ "ಹೂಂ!" ಎಂದರು. ದಡದ ಕೊಕ್ಕರೆಗಳು ಬೆಚ್ಚಿ ಎದ್ದು ಎರಡು ದಿನ ಇಳಿಯಲೇ ಇಲ್ಲ ಎಂದು ಆಮೇಲೆ ಬೇಕರಿಯವನು ಹೇಳುತ್ತಿದ್ದ.

"ವಿರೋಧ?"

ಅಭ್ಯಾಸಬಲದಿಂದ ಎಲ್ಲರ ಕತ್ತೂ ಬಾಗಿಲ ಪಕ್ಕಕ್ಕೆ ತಿರುಗಿತು. ಅಲ್ಲಿ ಒರಗು ಇಲ್ಲದ ಒಂದು ಮರದ ಸ್ಟೂಲು. ಖಾಲಿ.

"ಅಯ್ಯೋ," ಎಂದಳು ಅಂಚೆಯಕ್ಕ. "ಈಗೇನ್ರೀ ಮಾಡೋದು?"

*

ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ದ್ವೀಪದವರು ಒಂದು ಬಾವಿ ತೋಡಿದ್ದರು. ಎಲ್ಲಿ ತೋಡೋಣ ಎಂದು ಕೇಳಿದ್ದಕ್ಕೆ ಒಬ್ಬ ಪಡುವಣ ದಡ ತೋರಿಸಿದ, ನಾನೂರು ಜನ ಒಂದೇ ಬಾಯಲ್ಲಿ ಹೂಂ ಅಂದರು. ನೀರು ಬಂತು, ಉಪ್ಪುಪ್ಪು. ಸಮುದ್ರ ಉಕ್ಕುವ ಭರತದ ಹೊತ್ತಿಗೆ ಕೊಡಪಾನ ಇಳಿಬಿಟ್ಟರೆ ಮೀನು ಬರುತ್ತಿತ್ತು. ಒಂದು ಸಲ ಏಡಿಯೊಂದು ಹಗ್ಗ ಹಿಡಿದುಕೊಂಡೇ ಮೇಲೆ ಬಂದು ಅಜ್ಜಿಯ ಮುಖ ನೋಡಿತ್ತಂತೆ.

ಅಂದಿನಿಂದ ಒಂದು ಕಟ್ಟಳೆ. ಒಬ್ಬರಾದರೂ ಸ್ಟೂಲಿನ ಮೇಲೆ ಕೂತು ವಿರೋಧಿಸಬೇಕು. ಕಾರಣ ಗಟ್ಟಿಯಾಗಿರಬೇಕು. ಅದಕ್ಕೆ ಸಭೆ ಉತ್ತರ ಕೊಟ್ಟ ಮೇಲೇ ಠರಾವು. ವಿರೋಧವೇ ಇಲ್ಲದ ಮಾತು ಒಂದು ತಿಂಗಳು ಮುಂದಕ್ಕೆ.

ಸ್ಟೂಲು ಮಾಡಿಕೊಡು ಎಂದರೆ ಬಡಗಿ, "ಮಾಡ್ತೀನಿ, ಆದ್ರೆ ಈ ಕಟ್ಟಳೆಗೆ ನನ್ನ ವಿರೋಧ ಇದೆ. ಕೂರೋಕೆ ಯಾರು ಬರ್ತಾರೆ?" ಅಂದ. "ನೀನೇ ಬಾರಯ್ಯ!" ಎಂದು ಅವನನ್ನೇ ಕೂರಿಸಿದರು. ಕೂತವನು ಐವತ್ತು ವರ್ಷ ಏಳಲಿಲ್ಲ. ಶಾಲೆಗೂ ಅಡ್ಡ ಹೇಳಿದ, ಕರೆಂಟಿಗೂ ಅಡ್ಡ ಹೇಳಿದ. ಶಾಲೆಯ ಸೂರು ಗಾಳಿಗೆ ನಿಂತದ್ದು ಅವನು ಅಡ್ಡ ಹೇಳಿ ತೊಲೆ ದಪ್ಪ ಮಾಡಿಸಿದ್ದಕ್ಕೇ. ಕರೆಂಟು ಬಂದ ದಿನ ಮೊದಲು ಸ್ವಿಚ್ ಒತ್ತಿದವನೂ ಅವನೇ.

*

"ನಾನು ವಿರೋಧಿಸ್ತೀನಿ ತಗೊಳ್ಳಿ," ಎಂದು ಬೇಕರಿಯವನು ಸ್ಟೂಲಿನ ಮೇಲೆ ಕೂತ. "ಲಾಂಚ್ ಸದ್ದಿಗೆ ನನ್ನ ಹಿಟ್ಟು ಉಬ್ಬಲ್ಲ."

"ನಿನ್ನ ಹಿಟ್ಟು ಯಾವಾಗ ಉಬ್ಬಿತ್ತು ಮಾಮ?" ಎಂದಳು ನರ್ಸು ಮಗಳು. ಹಾಲ್ ಗೊಳ್ಳೆಂದಿತು. ಬೇಕರಿಯವನೂ ನಗುತ್ತ ಎದ್ದುಬಂದ. ಆಮೇಲೆ ಇನ್ನಿಬ್ಬರು ಕೂತರು. ಒಬ್ಬನಿಗೆ ಕಾರಣವೇ ಹೊಳೆಯಲಿಲ್ಲ. ಇನ್ನೊಬ್ಬಳು ಅಜ್ಜನನ್ನು ನೆನೆದು ಅತ್ತು, ಬಿಕ್ಕಳಿಕೆ ಬಂದು ಎದ್ದಳು.

ಮೂರೂವರೆ. ಮಗಳು ಅಜ್ಜಿಯ ಪಕ್ಕಕ್ಕೆ ಬಂದು ಕೂತಳು. ನಗು ಇಳಿದಿತ್ತು. "ಅಮ್ಮಾ, ಒಂದು ತಿಂಗಳು ಮುಂದಕ್ಕೆ ಹೋದ್ರೆ ಲಾಂಚ್ ಮುಗೀತು. ನಾನು ರೂಮು ನೋಡ್ಬೇಕಾಗುತ್ತೆ."

ಅಷ್ಟರಲ್ಲಿ ಲಾಂಚ್ ಡ್ರೈವರ್ ಒಳಗೆ ಬಂದ. ಆಚೆ ದಡದವನು. ಎಷ್ಟು ಉದ್ದ ಎಂದರೆ ಅವನನ್ನು ಎಲ್ಲರೂ ಕರೆಯುವುದೇ ಏಣಿ ಎಂದು. ಹಾಲ್‌ನ ಬಾಗಿಲಲ್ಲಿ ಸೊಂಟ ಮುರಿದು ಬಗ್ಗಿ, ಒಳಗೆ ಬಂದು ಮಡಿಕೆ ಬಿಚ್ಚಿದ ಹಾಗೆ ಎದ್ದು ನಿಂತ. "ಅಕ್ಕಾ, ಕಾಗದ ಕೊಡ್ತೀರಾ? ಹೊತ್ತಾಗುತ್ತೆ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

*

ಹೋದ ತಿಂಗಳು ಅಜ್ಜ ವರ್ಕ್‌ಶಾಪಿನಲ್ಲಿ ಒಂದು ಮಂಚಕ್ಕೆ ಉಜ್ಜುಗೊರಡು ಹಾಕಿ ನಯ ಮಾಡುತ್ತಿದ್ದ. ಅಜ್ಜಿ ಚಹಾ ತಂದವಳು ಮಂಚದ ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿ ನೋಡಿದಳು.

"ಇದೇನ್ರೀ ಇಷ್ಟುದ್ದ? ನಮ್ಮನೇಲಿ ಒಂಟೆ ಸಾಕ್ತೀವಾ?"

"ಸಭೇಲಿ ಹೇಳ್ತೀನಿ."

"ಹೆಂಡತಿಗೆ ಹೇಳೋಕೆ ಏನು ಧಾಡಿ?"

"ನಿನಗೆ ಹೇಳಿದ್ರೆ ಸರಿ ಅಂದ್ಬಿಡ್ತೀಯ. ಸರಿ ಅಂದ್ಬಿಟ್ರೆ ಮಾತು ಅಲ್ಲಿಗೇ ಸತ್ತುಹೋಗುತ್ತೆ," ಎಂದು ಮರದ ಹೊಟ್ಟನ್ನು ಉಫ್ ಎಂದು ಊದಿ ಅವಳ ಚಹಾದೊಳಗೆ ಬೀಳಿಸಿದ್ದ.

*

ಅಜ್ಜಿ ಎದ್ದು ನೇರ ಸ್ಟೂಲಿನ ಮೇಲೆ ಕೂತಳು. ಐವತ್ತು ವರ್ಷ ಎದುರಿನ ಬೆಂಚಿನಿಂದ ನೋಡಿದ್ದ ಜಾಗ. ಕೂತ ಮೇಲೆ ಗೊತ್ತಾಯಿತು, ಇಲ್ಲಿಂದ ಎಲ್ಲರ ಮುಖವೂ ಕಾಣುತ್ತದೆ.

"ನನ್ನ ವಿರೋಧ ಇದೆ."

"ಅಮ್ಮಾ!" ಮಗಳು ಅರ್ಧ ಎದ್ದಳು.

"ಕೂತ್ಕೊಳ್ಳೇ. ಸಂಜೆ ಲಾಂಚ್ ಹದಿನೆಂಟು ಜನರನ್ನ ಇಲ್ಲಿಳಿಸುತ್ತೆ. ಆಮೇಲೆ?"

"ಆಮೇಲೇನಜ್ಜಿ, ನಾನು ವಾಪಸ್ ಹೋಗ್ತೀನಿ," ಎಂದ ಏಣಿ.

"ನಿನ್ನ ಜೊತೆ ಯಾರು?"

"ಯಾರಿಲ್ಲ. ಖಾಲಿ. ಬೆಳಿಗ್ಗೆ ಮತ್ತೆ ಖಾಲಿ ಬರ್ತೀನಿ. ಆಫೀಸ್ನೋರು ಅದನ್ನೇ ಹೇಳೋದು, ದಿನಾ ಎರಡು ಸಲ ಗಾಳೀನ ಹೊತ್ಕೊಂಡು ಓಡಾಡ್ತೀಯಲ್ಲಯ್ಯ ಅಂತ."

"ಹಾಗಾದ್ರೆ ಅವರು ಹೇಳೋದ್ರಲ್ಲಿ ನ್ಯಾಯ ಇದೆ. ಬರೀ 'ಬೇಕು ಬೇಕು' ಅಂತ ಬರೆದು ಕಳಿಸ್ತೀರಾ? ಚಿಕ್ಕ ಮಕ್ಕಳ ಹಠನಾ ಇದು? ನಾನು ಒಪ್ಪಲ್ಲ."

ಅಂಚೆಯಕ್ಕ ಪೆನ್ನು ಕಚ್ಚಿದಳು. "ಖಾಲಿ ಹೋಗದೇ ಇರ್ಬೇಕು ಅಂದ್ರೆ... ಲಾಂಚ್ ಇಲ್ಲೇ ಉಳೀಬೇಕು."

"ಲಾಂಚ್ ಉಳೀಬೇಕು ಅಂದ್ರೆ ಏಣಿ ಉಳೀಬೇಕು," ಎಂದ ಬೇಕರಿಯವನು.

"ನನಗೇನು ಹೆಂಡತೀನಾ ಮಕ್ಕಳಾ? ಉಳೀತಿದ್ದೆ," ಎಂದ ಏಣಿ. "ಆದ್ರೆ ನಾನು ಮಲಗೋ ಮಂಚ ಯಾವ ಮನೇಲಿದೆ ಹೇಳಿ."

"ನಮ್ಮನೇಲಿದೆ," ಎಂದಳು ಅಜ್ಜಿ.

ಏಣಿ ಬಾಯಿ ತೆರೆದ. "ಅಯ್ಯೋ! ಹೋದ ತಿಂಗಳು ಅಜ್ಜ ನನ್ನನ್ನ ಜೆಟ್ಟಿ ಕಂಬಕ್ಕೆ ಒರಗಿಸಿ ಟೇಪು ಹಿಡಿದ್ರು. ಕಂಬದ ಎತ್ತರ ನೋಡ್ತಿದೀನಿ, ಅಲ್ಲಾಡಬೇಡ ಅಂದ್ರು!"

ಅಂಚೆಯಕ್ಕ ಆಗಲೇ ಬರೆಯತೊಡಗಿದ್ದಳು. ಲಾಂಚ್ ಇಲ್ಲೇ ತಂಗುವುದು, ಎರಡು ಖಾಲಿ ಓಟ ಉಳಿತಾಯವಾಗುವುದು, ಡ್ರೈವರಿಗೆ ವಸತಿ ದ್ವೀಪದವರದು. ಕೊನೆಗೆ, ವಿರೋಧ ಒಂದು. ನಾಲ್ಕಕ್ಕೆ ಐದು ನಿಮಿಷವಿರುವಾಗ ಏಣಿ ಕಾಗದವನ್ನು ಟೋಪಿಯೊಳಗಿಟ್ಟುಕೊಂಡು ಎರಡೇ ಹೆಜ್ಜೆಗೆ ಜೆಟ್ಟಿ ಸೇರಿದ.

ಹೊತ್ತು ಮುಳುಗುವ ಮುಂಚೆ ಲಾಂಚ್ ಬಂತು. ಏಣಿ ದೂರದಿಂದಲೇ ಕೂಗಿದ. "ಮೂರು ತಿಂಗಳು ನೋಡೋಣ ಅಂದ್ರು! ವಿರೋಧ ಮಾಡಿದ್ಯಾರು ಅಂತ ಸಾಹೇಬ್ರು ಕೇಳಿದ್ರು. ಅಂಥೋರು ನಮ್ಮ ಆಫೀಸಿಗೂ ಒಬ್ರು ಬೇಕಂತೆ!" ಹಗ್ಗ ಎಸೆದ. ಮಗಳು ಹಿಡಿದು ಕಂಬಕ್ಕೆ ಎರಡು ಸುತ್ತು ಸುತ್ತಿದಳು.

ಬೆಳಿಗ್ಗೆ ಪೆಟ್ಟಿಗೆ ಹೊತ್ತ ಆರೇ ಜನ ವರ್ಕ್‌ಶಾಪಿನಿಂದ ಮಂಚ ಹೊತ್ತು ತಂದರು. ಬಾಗಿಲ ಹಲಗೆ ಇನ್ನೂ ಗೋಡೆಗೆ ಒರಗಿಯೇ ಇತ್ತು. ಯಾರೂ ವಾಲಿಸಲಿಲ್ಲ, ಯಾರೂ ಎಡ ಬಲ ಕೂಗಲಿಲ್ಲ. ಪೆಟ್ಟಿಗೆ ಹೊರಗೆ ಹೋದ ದಾರಿಯಲ್ಲೇ ಮಂಚ ಒಳಗೆ ಬಂತು, ಎರಡೂ ಕಡೆ ಒಂದೊಂದು ಬೆರಳು ಜಾಗ ಬಿಟ್ಟು.

"ಮಲಗಿ ನೋಡಪ್ಪ," ಎಂದಳು ಅಜ್ಜಿ.

ಏಣಿ ಚಪ್ಪಲಿ ಬಿಟ್ಟು ಉದ್ದಕ್ಕೆ ಮಲಗಿದ. ಅವನ ಹೆಬ್ಬೆರಳಿಗೂ ಮಂಚದ ಅಂಚಿಗೂ ನಡುವೆ ಒಂದು ಗೇಣು ಉಳಿಯಿತು. ಹೆಬ್ಬೆರಳಿಗೆ ಸರಿಯಾಗಿ, ಹಲಗೆಯ ಮೇಲೆ, ಬಡಗಿಯ ಪೆನ್ಸಿಲ್ ಗೀಟು ಇನ್ನೂ ಅಳಿಸಿರಲಿಲ್ಲ.