ಬರಲೊಲ್ಲದ ವೈರು

ಗಿಟಾರಿನೊಳಗೆ ಅಣ್ಣ ಹಾಕಿದ್ದ ವೈರುಗಳೆಲ್ಲ ಕಪ್ಪು. ಯಾವುದು ಎಲ್ಲಿಗೆ ಹೋಗುತ್ತದೆಂದು ತನಗೊಬ್ಬನಿಗೇ ಗೊತ್ತಿರಬೇಕು, ಇನ್ಯಾರೂ ಕೈ ಹಾಕಬಾರದು. ಆ ಸೊಕ್ಕಿಗೇ ಹಾಗೆ ಮಾಡಿದ್ದ. ಗಿಟಾರನ್ನು ಮಂಚದ ಮೇಲೆ ಬೋರಲು ಹಾಕಿ ಬೆನ್ನಿನ ಮುಚ್ಚಳ ಬಿಚ್ಚಿದ ತಮ್ಮನಿಗೆ, ಆ ಕಪ್ಪು ಸಿಕ್ಕು ನೋಡಿಯೇ ಮೈ ಉರಿಯಿತು.

ಎಂಟು ತಿಂಗಳ ಹಿಂದೆ ಅಣ್ಣನಿಗೆ ದೂರದೂರಿನ ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರೂ ಸೇರಿ ಕಟ್ಟಿದ ತಂಡವನ್ನು ನಡುನೀರಲ್ಲಿ ಬಿಟ್ಟು, "ಹಳೇ ಗಿಟಾರ್ ನೀನೇ ಇಟ್ಕೊಳೋ, ನಂಗೆ ಹೊಸದು ಕೊಡ್ತಾರೆ" ಎಂದು ಹೊರಟಿದ್ದ. ಎಂಜಲು ಎಸೆದ ಹಾಗೆ. "ಅದರೊಳಗೆ ನಿಂದು ಅಂತ ಒಂದು ವೈರೂ ಉಳಿಸಲ್ಲ, ನೋಡ್ತಿರು!" ಎಂದು ತಮ್ಮ ಮೆಟ್ಟಿಲ ತನಕ ಕೂಗಿದ್ದ. ಅಲ್ಲಿಂದೀಚೆಗೆ ಮಾತಿಲ್ಲ.

ಇವತ್ತು ತಾನು ಕೆಲಸ ಮಾಡುವ ಟೈರ್ ಅಂಗಡಿಗೆ ರಜೆ. ತಂತಿಯ ನಾದ ಹಿಡಿಯುವ ಹೊಸ ಪಿಕಪ್, ಸದ್ದು ಏರಿಳಿಸುವ ಹೊಸ ವಾಲ್ಯೂಮ್ ಗುಂಡಿ, ಹೊಸ ಸ್ವಿಚ್ಚು, ಕೆಂಪು ಹಳದಿ ಹಸಿರು ವೈರು, ಎಲ್ಲ ಬಂದಿತ್ತು. ಹಳೆಯದನ್ನೆಲ್ಲ ಕಚಕಚ ಕತ್ತರಿಸಿ ಕಿತ್ತ. ಒಂದು ಮಾತ್ರ ಬರಲೊಲ್ಲದು. ಮರದ ತೂತಿನಿಂದ ಇಣುಕುತ್ತಿದ್ದ ಅದನ್ನು ಇಕ್ಕಳ ಹಾಕಿ ಎಳೆದ, ಬೈದ, ಕೊನೆಗೆ ಉಗುರಿನಷ್ಟು ಬಿಟ್ಟು ಕತ್ತರಿಸಿದ.

ಮಧ್ಯಾಹ್ನದ ಹೊತ್ತಿಗೆ ಬೆಸುಗೆ ಮುಗಿಯಿತು. ಗಿಟಾರನ್ನು ಆಂಪ್ ಪೆಟ್ಟಿಗೆಗೆ ಸಿಕ್ಕಿಸಿ ಹಚ್ಚಿದರೆ ಅದರ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಕೋಣೆ ತುಂಬಿತು. ಮತ್ತೆ ಬಿಚ್ಚಿದ, ಮತ್ತೆ ಬೆಸೆದ. ಗುಂಯ್. ಕೇಳೋಣವೆಂದರೆ ಯಾರಿದ್ದಾರೆ? ತಂಡದವರು ಒಬ್ಬೊಬ್ಬರೇ ಕಳಚಿಕೊಂಡಿದ್ದರು. ಪಕ್ಕದ ಕೋಣೆಯವನ ಹೆಸರೂ ಗೊತ್ತಿಲ್ಲ. ನಾಲ್ಕು ಗಂಟೆಗೆ, ಹಲ್ಲು ಕಚ್ಚಿಕೊಂಡು, ಅಣ್ಣನ ನಂಬರ್ ಒತ್ತಿದ. ಫೋನನ್ನು ಆಂಪಿನ ಮುಂದೆ ಇಟ್ಟ.

ಆ ಕಡೆ ಅಣ್ಣ ಫೋನ್ ಎತ್ತಿ ಆ ಸದ್ದು ಕೇಳಿದ. ಆಮೇಲೆ, "ಏನೋ, ಜೇನು ಸಾಕ್ತಿದೀಯಾ?"

ತಮ್ಮ ಫೋನನ್ನು ಆಂಪಿಗೆ ಇನ್ನೂ ಹತ್ತಿರ ತಳ್ಳಿದ.

"ತಂತಿ ಮೇಲೆ ಕೈ ಇಡು. ನಿಲ್ತಾ?"

"ಇಲ್ಲ."

"ಮರದ ತೂತಿಂದ ಒಂದು ಕಪ್ಪು ವೈರ್ ಬರುತ್ತಲ್ಲ, ಅದೆಲ್ಲಿ?"

"ಕತ್ತರಿಸಿದೆ."

"ಅಯ್ಯೋ ಪುಣ್ಯಾತ್ಮ! ತಂತಿ ಕೂರೋ ಕಬ್ಬಿಣದ ಅಡಿಗೆ ಅರ್ಥಿಂಗ್ ಹೋಗೋದು ಅದೊಂದರಲ್ಲೇ ಕಣೋ. ಅದಿಲ್ದಿದ್ರೆ ಬೊಬ್ಬೆ ಹೊಡೀದೆ ಏನು ಮಾಡುತ್ತೆ? ತುದಿಯಾದ್ರೂ ಉಳಿಸಿದೀಯೋ, ಅದನ್ನೂ ನುಂಗಿದ್ಯೋ?"

"ಉಗುರಷ್ಟಿದೆ."

"ಸಾಕು. ವಾಲ್ಯೂಮಿನ ಬೆನ್ನಿಗೆ ಸೇರಿಸು. ಇರ್ತೀನಿ."

ಆಂಪ್ ಆರಿಸಿ, ಆ ಉಗುರಷ್ಟು ಕಪ್ಪಿಗೆ ಕೆಂಪು ವೈರು ಬೆಸೆದು ವಾಲ್ಯೂಮಿಗೆ ಸೇರಿಸಿದ. ಎರಡು ಸಲ ಬೆಸುಗೆ ಜಾರಿತು. ನೆಲದ ಮೇಲಿನ ಫೋನಿನಲ್ಲಿ ಲೋಟಗಳ ಸದ್ದು, ಯಾರದೋ ನಗು. ಅಣ್ಣ ಕಾಯುತ್ತಿದ್ದ.

ಮತ್ತೆ ಆಂಪ್ ಹಚ್ಚಿದ. ಗುಂಯ್. ತಂತಿಗಳ ಮೇಲೆ ಅಂಗೈ ಇಟ್ಟ. ಕೋಣೆ ಮೌನವಾಯಿತು.

"ನಿಲ್ತು," ಎಂದ. "ಕೈ ತೆಗೆದ್ರೆ ಮತ್ತೆ ಶುರು ಆಗುತ್ತೆ."

"ಅದು ಹಾಗೇ ಕಣೋ. ಆ ಜಾತಿ ಪಿಕಪ್ಪು ಹಾಗೇನೇ. ಊಟ ಮಾ..."

ಆ ಕಡೆ ಯಾರೋ ಅಣ್ಣನನ್ನು ಕೂಗಿದರು. "ಬಂದೆ ಬಂದೆ" ಎಂಬುದು ಕೇಳಿತು. ಫೋನ್ ಕಟ್ಟಾಯಿತು.

ಮುಚ್ಚಳದ ಸ್ಕ್ರೂಗಳು ದಿಂಬಿನ ಮೇಲೆ ಬಿದ್ದಿದ್ದವು. ಅವನ್ನು ಹಾಕಲು ಎರಡೂ ಕೈ ಬೇಕು. ಒಂದು ಕೈ ತಂತಿಗಳ ಮೇಲಿತ್ತು. ಅದನ್ನು ಅವನು ತೆಗೆಯಲಿಲ್ಲ.