ನಾಲ್ಕನೇ ಪ್ಲಗ್ಗು

ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಅವಳನ್ನು ಲಿಫ್ಟಮ್ಮ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷಗಳಿಂದ ಲಿಫ್ಟ್ ರಿಪೇರಿ ಅವಳ ಕೆಲಸ. ಗ್ರೀಸು ಮೆತ್ತಿದ ಕೈ, ಹೆಗಲಿಗೊಂದು ಭಾರದ ಚೀಲ. ಯಾರು ಯಾವ ಹೊತ್ತಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡರೂ ಓಡಬೇಕು. ಗಂಡನಿಂದ ಬೇರೆಯಾದಾಗ ಮಗಳು ಚೂಟಿ ಅಪ್ಪನ ಜೊತೆ ಹೋಗುವುದೆಂದು ತೀರ್ಮಾನವಾದದ್ದೂ ಅದಕ್ಕೇ. ಜಗಳ, ಕೋರ್ಟು ಏನೂ ಇರಲಿಲ್ಲ. ಅಪ್ಪನ ಊರಿನಲ್ಲಿ ಒಳ್ಳೆಯ ಶಾಲೆಯಿತ್ತು, ಮನೆಯಲ್ಲಿ ಅಜ್ಜಿ ಇದ್ದಳು. ಹನ್ನೆರಡು ವರ್ಷದ ಚೂಟಿ ತಾನೇ ಯೋಚಿಸಿ, ಅಲ್ಲೇ ಇರುತ್ತೇನೆ, ರಜೆಗೆ ಬರುತ್ತೇನೆ ಎಂದಳು. ಲಿಫ್ಟಮ್ಮ ಹೂಂ ಎಂದಳು. ವರ್ಷ ಕಳೆದರೂ ಆ ಹೂಂ ಅವಳ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಚೂಟಿ ಹೋಗುವಾಗ ತನ್ನ ಕಂಪ್ಯೂಟರ್ ಬಿಟ್ಟು ಹೋಗಿದ್ದಳು. ಅದರಲ್ಲಿ ಅವಳದೊಂದು ದ್ವೀಪವಿತ್ತು. ಚೌಕದ ಇಟ್ಟಿಗೆ ಜೋಡಿಸಿ ಮನೆ, ರಸ್ತೆ, ಬಂದರು ಕಟ್ಟುವ ಆಟ. ಕಂಪ್ಯೂಟರ್ ಇಲ್ಲಿ ಚಾಲೂ ಇದ್ದರೆ ಸಾಕು, ಚೂಟಿಯೂ ಅವಳ ಗೆಳತಿಯರೂ ಎಲ್ಲಿಂದ ಬೇಕಾದರೂ ಆ ದ್ವೀಪಕ್ಕೆ ಬರಬಹುದಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವನು ಲಿಫ್ಟಮ್ಮನ ತಮ್ಮ. ಒಂದು ಕಚೇರಿಯ ಕಂಪ್ಯೂಟರುಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಅಲ್ಲಿ ಬೇಡವೆಂದು ಎಸೆದ, ಸೊಂಟದೆತ್ತರದ ಕಬ್ಬಿಣದ ರ‍್ಯಾಕೊಂದನ್ನು ಅವನು ಅಕ್ಕನ ಮನೆಯ ಸಾಮಾನು ಕೋಣೆಗೆ ತಂದು ನಿಲ್ಲಿಸಿದ. ಹಿಂಬದಿಗೆ ಎಂಟು ಪ್ಲಗ್ಗುಗಳ ಉದ್ದನೆಯ ಪಟ್ಟಿ ಬಿಗಿದ. ಮನೆಯ ದೀಪ, ನೀರಿನ ಮೋಟಾರುಗಳನ್ನು ಫೋನಿನಿಂದಲೇ ನಡೆಸುವ ವ್ಯವಸ್ಥೆಯನ್ನು ಅವನೇ ಮೊದಲು ಮಾಡಿಕೊಟ್ಟಿದ್ದ. ಈಗ ಈ ಎಂಟು ಪ್ಲಗ್ಗುಗಳೂ ಅದರೊಳಗೆ ಸೇರಿದವು. ಒಂದನೆಯದು ಇಂಟರ್ನೆಟ್ ಡಬ್ಬಿಗೆ, ಎರಡನೆಯದು ಇಡೀ ವ್ಯವಸ್ಥೆಯನ್ನು ನಡೆಸುವ ಪುಟ್ಟ ಯಂತ್ರಕ್ಕೆ. ಅವೆರಡನ್ನೂ ಫೋನಿನಿಂದ ಆರಿಸಲಾಗದಂತೆ ಬೀಗ ಹಾಕಿದ. ಇಲ್ಲದಿದ್ದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ, ಆರಿಸಿದ ಮೇಲೆ ಮತ್ತೆ ಹಚ್ಚುವುದಕ್ಕೆ ದಾರಿಯೇ ಇರುವುದಿಲ್ಲ ಎಂದ. ಮೂರನೆಯದರಲ್ಲಿ ನಕಲು ತೆಗೆದಿಡುವ ಡಿಸ್ಕು. ನಾಲ್ಕನೆಯದು ಚೂಟಿಯ ಕಂಪ್ಯೂಟರು. ಪ್ರತಿಯೊಂದರ ಪಕ್ಕದಲ್ಲೂ ಅದು ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬ ಅಂಕಿ. ಕಂಪ್ಯೂಟರ್ ನಿಂತುಹೋದಾಗ ಮಾತ್ರ ನಾಲ್ಕನ್ನು ಆರಿಸಿ ಹಚ್ಚಬೇಕು, ಓಡುತ್ತಿರುವಾಗ ಕರೆಂಟು ಕಿತ್ತರೆ ಒಳಗೆ ಬರೆಯುತ್ತಿರುವುದು ಕೆಟ್ಟುಹೋಗಬಹುದು ಎಂದು ಎರಡು ಸಲ ಹೇಳಿದ. ಲಿಫ್ಟಮ್ಮ ತಲೆಯಾಡಿಸಿದಳು.

ಮೊದಲ ಸಲ ಕಂಪ್ಯೂಟರ್ ನಿಂತಾಗ ಸಂಜೆ ನಾಲ್ಕೂವರೆ. ಲಿಫ್ಟಮ್ಮ ಆರನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗಕ್ಕೆ ಎಣ್ಣೆ ಬಿಡುತ್ತಿದ್ದಳು. ಚೂಟಿಯ ಫೋನು ಬಂತು.

"ಅಮ್ಮ, ದ್ವೀಪ ಕಲ್ಲಾಗಿದೆ, ಏನೂ ಅಲುಗಾಡ್ತಿಲ್ಲ. ನಾಲ್ಕನೇದು ಆಫ್ ಮಾಡು. ಹತ್ತು ಎಣಿಸು. ಗಡಬಡ ಮಾಡಿ ಎಣಿಸ್ಬೇಡ, ನಿಧಾನ."

ಇಬ್ಬರೂ ಒಟ್ಟಿಗೆ ಎಣಿಸಿದರು. ಕಂಪ್ಯೂಟರ್ ಮತ್ತೆ ಏಳಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ಚೂಟಿ ಬಾಯಿ ಮುಚ್ಚಲಿಲ್ಲ. ಗಣಿತದ ಟೀಚರ್ ಕುರ್ಚಿ ಮುರಿದು ಬಿದ್ದದ್ದು, ಅಜ್ಜಿಯ ಗೊರಕೆಗೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದ್ದು. ಲಿಫ್ಟಮ್ಮ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಕೇಳಿದಳು. ಕೆಳಗಿನಿಂದ ಯಾರೋ ಲಿಫ್ಟ್ ಯಾವಾಗ ಎಂದು ಕೂಗುತ್ತಿದ್ದರು.

ಪ್ರತಿ ಭಾನುವಾರ ಲಿಫ್ಟಮ್ಮ ಮಾಡುತ್ತಿದ್ದ ಫೋನುಗಳು ಹೀಗಿರುತ್ತಿರಲಿಲ್ಲ. ಊಟ ಆಯಿತಾ ಎಂದರೆ ಹ್ಞೂಂ. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ. ಮತ್ತೆ ಎಂದರೆ ಮತ್ತೇನಿಲ್ಲ. ಎರಡು ನಿಮಿಷಕ್ಕೆ ಮಾತು ಬತ್ತಿಹೋಗುತ್ತಿತ್ತು. ಕಂಪ್ಯೂಟರ್ ಕೈಕೊಟ್ಟಾಗ ಮಾತ್ರ ಚೂಟಿ ಮೊದಲಿನ ಚೂಟಿಯಾಗುತ್ತಿದ್ದಳು. ಅಮ್ಮನಿಗೆ ಪಾಠ ಹೇಳುತ್ತಿದ್ದಳು, ಗದರುತ್ತಿದ್ದಳು, ನಗುತ್ತಿದ್ದಳು.

ತಿಂಗಳಿಗೆ ಎರಡು ಸಲವಾದರೂ ಹೀಗಾಗುವುದನ್ನು ನೋಡಿ ತಮ್ಮ ಬಂದು ಒಂದು ಭಾಗ ಬದಲಿಸಿದ. ಆಮೇಲೆ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ವಾರದ ನಡುವೆ ಫೋನೂ ಬರಲಿಲ್ಲ. ಲಿಫ್ಟಮ್ಮ ಮಧ್ಯೆ ಮಧ್ಯೆ ಫೋನು ತೆಗೆದು ನಾಲ್ಕನೇ ಪ್ಲಗ್ಗಿನ ಅಂಕಿ ನೋಡುವುದನ್ನು ರೂಢಿ ಮಾಡಿಕೊಂಡಳು. ದ್ವೀಪದಲ್ಲಿ ಯಾರೂ ಇಲ್ಲದಾಗ ಮೂವತ್ತೈದರ ಆಸುಪಾಸು. ಸಂಜೆ ಅದು ಅರವತ್ತಕ್ಕೇರಿತೆಂದರೆ ಚೂಟಿ ಶಾಲೆಯಿಂದ ಬಂದಳೆಂದು ಲೆಕ್ಕ.

ಒಂದು ಬುಧವಾರ ಅಂಕಿ ಅರವತ್ತೆರಡಕ್ಕೆ ಹೋಯಿತು. ಲಿಫ್ಟಮ್ಮ ಒಂದು ಕಟ್ಟಡದ ಮೇಲಿನ ಮೋಟಾರು ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ಐದು ವಾರ ಆ ದನಿ ನೆಟ್ಟಗೆ ಕಿವಿಗೆ ಬಿದ್ದಿರಲಿಲ್ಲ. ಹೆಬ್ಬೆರಳು ನಾಲ್ಕರ ಮೇಲೆ ಹೋಯಿತು. ಖಂಡಿತವಾಗಿ ಆರಿಸಬೇಕೇ ಎಂದು ಫೋನು ಕೇಳಿತು. ಹೌದು ಎಂದು ಒತ್ತಿದಳು.

ಅರ್ಧ ನಿಮಿಷದಲ್ಲಿ ಚೂಟಿಯ ಫೋನು ಬಂತು.

ಇದೊಂದೇ ಸಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನಿಯಮಗಳನ್ನು ಮಾಡಿಕೊಂಡಳು. ಪರೀಕ್ಷೆಯ ಹೊತ್ತಿನಲ್ಲಿ ಕೂಡದು, ಒಂದೇ ವಾರದಲ್ಲಿ ಎರಡು ಸಲ ಕೂಡದು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ, ಯಾವುದು, ಮೂರನೆಯದಾ ಎಂದು ಕೇಳುತ್ತಿದ್ದಳು. ಅಯ್ಯೋ ಅಮ್ಮ, ನಾಲ್ಕು ಎಂದು ಚೂಟಿ ತಲೆ ಚಚ್ಚಿಕೊಳ್ಳುವುದನ್ನು ಕೇಳಲು. ನಾಲ್ಕು ತಿಂಗಳಲ್ಲಿ ಹನ್ನೊಂದು ಸಲ.

ಹನ್ನೊಂದನೆಯ ಸಲ ಚೂಟಿ ಗದರಲಿಲ್ಲ. ಕಂಪ್ಯೂಟರ್ ಎದ್ದ ಮೇಲೆ, ಸೇತುವೆ ಇಲ್ಲ ಎಂದಳು. ಶಾಲೆ ಬಿಟ್ಟು ಬೇರೆ ಊರಿಗೆ ಹೋಗುತ್ತಿದ್ದ ಗೆಳತಿಯ ಜೊತೆ ಮೂರು ವಾರ ಕೂತು ಕಟ್ಟಿದ ಸೇತುವೆ. ಆ ಶುಕ್ರವಾರ ತರಗತಿಯವರಿಗೆಲ್ಲ ತೋರಿಸಬೇಕೆಂದಿದ್ದರಂತೆ. ಗೆಳತಿಯ ಕೊನೆಯ ದಿನ ಅದು. ಸೇತುವೆಯಿದ್ದ ಜಾಗದಲ್ಲಿ ಬರೀ ನೀರಿತ್ತು.

"ಅಲ್ಲಿ ಕರೆಂಟ್ ಹೋಗಿತ್ತಾ, ಅಮ್ಮ?"

"ಹ್ಞೂಂ" ಎಂದಳು ಲಿಫ್ಟಮ್ಮ.

ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಹೋದಳು. ತಮ್ಮನೂ ಓಡಿ ಬಂದ. ನಕಲಿನ ಡಿಸ್ಕು ತುಂಬಿ ತುಳುಕಿ ಒಂದು ತಿಂಗಳಾಗಿತ್ತು, ಸೇತುವೆಯ ನಕಲು ಅದರಲ್ಲಿರಲಿಲ್ಲ. ಅವನು ಹಣೆ ಒತ್ತಿಕೊಂಡು, ಕರೆಂಟು ಯಾವಾಗ ಹೋಯಿತೆಂದು ಹುಡುಕತೊಡಗಿದ. ಯಾವ ಪ್ಲಗ್ಗು ಯಾವಾಗ, ಯಾರ ಫೋನಿನಿಂದ ಆರಿತು ಎಂಬುದೆಲ್ಲ ಆ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪರದೆಯ ಮುಂದೆ ಅವನ ಬೆರಳು ನಿಂತಿತು.

"ಅಕ್ಕ, ಇದೆಲ್ಲ ನಿನ್ನ ಫೋನಿಂದ ಆಗಿದೆ."

ಅವಳು ಸಾಮಾನು ಕೋಣೆಯ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ತಮ್ಮ ಬೈಯಲಿಲ್ಲ. ಈ ದಾಖಲೆ ಅಳಿಸಿಬಿಡಲಾ, ಮಗುವಿಗೆ ಗೊತ್ತಾಗುವುದಿಲ್ಲ ಎಂದ. ಬೇಡ ಎಂದಳು. ಫೋನಿನಲ್ಲೂ ಹೇಳುವುದಿಲ್ಲ, ಹೋಗಿ ಹೇಳುತ್ತೇನೆ ಎಂದಳು.

ಶನಿವಾರ ನಾಲ್ಕು ಗಂಟೆಗಳ ಬಸ್ಸು ಪ್ರಯಾಣ. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಒಂದೂ ನಿಲ್ಲಲಿಲ್ಲ. ಗಂಡನಾಗಿದ್ದವನು ಬಾಗಿಲು ತೆರೆದು, ಅವಳ ಮುಖ ನೋಡಿ ಏನೂ ಕೇಳದೆ ಮಗಳನ್ನು ಕರೆದ. ಅಮ್ಮ ಮಗಳು ಕಟ್ಟಡದ ಮೆಟ್ಟಿಲ ಮೇಲೆ ಕೂತರು. ಚೂಟಿ ಎತ್ತರವಾಗಿದ್ದಳು. ಕೂತರೆ ಮೊಣಕಾಲುಗಳು ಮುಂದಕ್ಕೆ ಚಾಚುತ್ತಿದ್ದವು. ಅದನ್ನು ಫೋನು ಯಾವತ್ತೂ ಹೇಳಿರಲಿಲ್ಲ.

"ಕರೆಂಟ್ ಹೋಗಿರ್ಲಿಲ್ಲ. ನಾನೇ ಆಫ್ ಮಾಡಿದ್ದು. ನೀನು ಫೋನ್ ಮಾಡ್ಲಿ ಅಂತ."

ಚೂಟಿ ಅಮ್ಮನ ಕಡೆ ತಿರುಗಿದಳು.

"ಎಷ್ಟು ಸಲ?"

"ಹನ್ನೊಂದು."

"ಅಷ್ಟೂ ಸಲ ನಾನೇ ಸರಿ ಮಾಡಿದ್ದು ಅಂದ್ಕೊಂಡಿದ್ದೆ. ಗೆಳತಿಯರ ಹತ್ರ ಹೇಳ್ಕೊಂಡಿದ್ದೆ, ನಮ್ಮಮ್ಮಂಗೆ ಏನೂ ಬರಲ್ಲ, ನಾನೇ ಹೇಳಿಕೊಡೋದು ಅಂತ."

ಸೇತುವೆ ಹೋದ ನೋವಿಗಿಂತ ಇದು ದೊಡ್ಡದೆಂದು ಲಿಫ್ಟಮ್ಮನಿಗೆ ಆಗ ಹೊಳೆಯಿತು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು, ಅದನ್ನು ಆಡಿದಳು. ಅದು ಯಾವುದಕ್ಕೂ ಸಾಲಲಿಲ್ಲ. ಚೂಟಿ ಅಮ್ಮನ ಫೋನು ಕೇಳಿ ತೆಗೆದುಕೊಂಡಳು. ಮಾಮನಿಗೆ ಕರೆ ಮಾಡಿ, ನಾಲ್ಕನೆಯದನ್ನು ಇನ್ನು ತಾನೊಬ್ಬಳೇ ಆರಿಸಿ ಹಚ್ಚುವ ಹಾಗೆ ಮಾಡಿಕೊಡು ಎಂದಳು. ಅಮ್ಮನ ಪರದೆಯಿಂದ ಅದನ್ನು ಪೂರ್ತಿ ತೆಗೆದುಬಿಡು ಎಂದೂ ಹೇಳಿದಳು. ಫೋನು ಹಿಂದಕ್ಕೆ ಕೊಟ್ಟು, ಓದುವುದಿದೆ ಎಂದು ಎದ್ದು ಒಳಗೆ ಹೋದಳು.

ಮೂರು ಭಾನುವಾರ ಅವಳು ಫೋನೆತ್ತಲಿಲ್ಲ. ಅಜ್ಜಿ ಎತ್ತಿ, ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದಳು. ಒಂದು ಭಾನುವಾರ ಸ್ನಾನ ಬೆಳಿಗ್ಗೆಯೂ ಇತ್ತು, ಸಂಜೆಯೂ ಇತ್ತು. ವಾರದ ನಡುವಿನ ಸಂಜೆಗಳಲ್ಲಿ ಲಿಫ್ಟಮ್ಮನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಫೋನಿನಲ್ಲಿ ನೋಡಲು ಏನೂ ಇರುತ್ತಿರಲಿಲ್ಲ. ಮಗಳು ಶಾಲೆಯಿಂದ ಬಂದಳೋ ಇಲ್ಲವೋ ಎಂಬುದೂ ಈಗ ತಿಳಿಯುತ್ತಿರಲಿಲ್ಲ. ಆದರೂ ಅವಳು ವಾರವಾರವೂ ಕರೆ ಮಾಡಿದಳು, ಬಿಡಲಿಲ್ಲ.

ನಾಲ್ಕನೆಯ ಭಾನುವಾರ ಚೂಟಿಯೇ ಎತ್ತಿದಳು. ಊಟದ ಪ್ರಶ್ನೆ ಕೇಳದೆ ಲಿಫ್ಟಮ್ಮ ತನ್ನ ವಾರದ ಕಥೆ ಹೇಳಿದಳು. ಒಬ್ಬ ಮದುಮಗ ಐದನೇ ಮಹಡಿಯ ಹತ್ತಿರ ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ಹೊರಗೆ ಬರುವ ಹೊತ್ತಿಗೆ ಕೈಯಲ್ಲಿದ್ದ ಮಿಠಾಯಿಯ ಪೊಟ್ಟಣ ಅರ್ಧ ಖಾಲಿಯಾಗಿದ್ದದ್ದು. ಆಚೆ ಕಡೆಯಿಂದ ನಗುವಿನಂಥದೊಂದು ಉಸಿರು ಕೇಳಿಸಿತು. ಆಮೇಲೆ ಲಿಫ್ಟಮ್ಮನ ಹತ್ತಿರವೂ ಮಾತು ಮುಗಿಯಿತು. ಪುಟ ಮಗುಚುವ ಸದ್ದು, ಪೆನ್ನು ಕಾಗದದ ಮೇಲೆ ಗೀಚುವ ಸದ್ದು ಬರುತ್ತಿತ್ತು.

"ಬರೀತಾ ಇದ್ದೀಯಾ? ಇಡ್ಲಾ ಫೋನು?"

ಪೆನ್ನು ನಿಂತಿತು.

"ಬೇಡ, ಇರ್ಲಿ" ಎಂದಳು ಚೂಟಿ. "ಮಾತಾಡ್ಬೇಕು ಅಂತೇನಿಲ್ಲ."

ಲಿಫ್ಟಮ್ಮ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕಿವಿಗೆ ಫೋನು ಒತ್ತಿಕೊಂಡು ಕೂತಳು. ಅಲ್ಲಿ ಪೆನ್ನು ಮತ್ತೆ ಗೀಚತೊಡಗಿತು.