ಖಾರದ ಕೈ

ಕಾವ್ಯಾಳ ಕಣ್ಣು ಊದಿಕೊಂಡದ್ದಕ್ಕೆ ಅರುಣಾಳ ಕೈಯೇ ಕಾರಣ ಎಂದು ಮೊದಲ ದಿನವೇ ತೀರ್ಮಾನವಾಗಿಹೋಯಿತು. ತೀರ್ಮಾನ ಕೊಟ್ಟವಳು ಅತ್ತೆ ಬೀರವ್ವ. ಆ ಮನೆಯಲ್ಲಿ ಅವಳ ತೀರ್ಮಾನದ ಮೇಲೆ ಅಪೀಲು ಇರಲಿಲ್ಲ.

"ದಿನಾ ಮೆಣಸಿನಕಾಯಿ ಮುಟ್ಟಿ ಬರತಿ. ಅದ ಕೈಲೆ ಕೂಸಿನ ಮಾರಿ ತೊಳಿತಿ. ಕಣ್ಣು ಊದದ ಮತ್ತೇನಾಕ್ಕಾವ?"

ಬ್ಯಾಡಗಿಯಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವ ಮಾತಲ್ಲ. ಸುಗ್ಗಿ ಬಂದರೆ ಊರಿಗೆ ಊರೇ ಸೀನುತ್ತದೆ. ವ್ಯಾಪಾರಿಯ ಅಂಗಳದಲ್ಲಿ ರಾಶಿಯ ಮುಂದೆ ಕೂತು ಸಂಜೆಯತನಕ ತೊಟ್ಟು ಬಿಡಿಸುವ ಹೆಂಗಸರ ಅಂಗೈ, ಎಷ್ಟು ತಿಕ್ಕಿ ತೊಳೆದರೂ ಚುರುಚುರು ಅನ್ನುವುದು ಬಿಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಹೊಗಳುವವರು ಒಂದು ದಿನ ತೊಟ್ಟು ಬಿಡಿಸಿ ಕಣ್ಣುಜ್ಜಿಕೊಳ್ಳಲಿ, ಆಮೇಲೆ ಮಾತಾಡೋಣ.

ಅರುಣಾ ಆ ಅಂಗಳದ ಕೆಲಸದವಳು. ಗುತ್ತಲದಿಂದ ಪುಂಡಲೀಕನಿಗೆ ಎರಡನೆಯವಳಾಗಿ ಬಂದವಳು. ಮೊದಲನೆಯವಳು, ಶೀಲಾ, ತೀರಿಕೊಂಡಾಗ ಕಾವ್ಯಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಲ್ಲಿಂದ ಹುಡುಗಿಯನ್ನು ಬೀರವ್ವನೇ ಎದೆಗವಚಿಕೊಂಡು ಬೆಳೆಸಿದ್ದಳು. ಈಗ ಕಾವ್ಯಾ ಒಂದನೇ ಇಯತ್ತೆ. ಬೇರೆಯವರ ಮಕ್ಕಳು ಎಡವಿದರೆ ಕಲ್ಲಿನ ತಪ್ಪು. ಮಲಮಗಳು ಎಡವಿದರೆ ತಾಯಿಯ ತಪ್ಪು. ಇದು ಗೊತ್ತಿದ್ದೇ ಅರುಣಾ ಆ ಮನೆಯ ಹೊಸ್ತಿಲು ದಾಟಿದ್ದಳು.

ಅವಳೇನು ಆ ಕೈಯಿಂದ ಹುಡುಗಿಯನ್ನು ಮುಟ್ಟುತ್ತಲೂ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಕಾವ್ಯಾ "ಚಿಗವ್ವಾ" ಎಂದು ಓಡಿಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಮುಟ್ಟಬ್ಯಾಡವ್ವ, ಕೈಗೆ ಖಾರ ಐತಿ" ಅನ್ನುತ್ತಿದ್ದಳು. ಮಜ್ಜಿಗೆಯಲ್ಲಿ ಕೈ ಅದ್ದಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವಷ್ಟರಲ್ಲಿ ಹುಡುಗಿ ಅಜ್ಜಿಯ ತೊಡೆ ಏರಿರುತ್ತಿದ್ದಳು. ಬೀರವ್ವನ ತೀರ್ಮಾನವಾದ ಮೇಲೆ ಅರುಣಾ ಬೆಳಗಿನ ಮುಖ ತೊಳೆಯುವುದನ್ನೂ ಅತ್ತೆಗೇ ಬಿಟ್ಟುಕೊಟ್ಟಳು. ಆ ಮನೆಯಲ್ಲಿ ಅವಳಿಗೆಂದು ಇದ್ದ ಒಂದೇ ಸುಖ ಅದು, ಅದೂ ಹೋಯಿತು.

ಊತ ಹೋಗಲಿಲ್ಲ. ಕಣ್ಣಿನಿಂದ ಪಾದಕ್ಕೆ ಇಳಿಯಿತು, ಪಾದದಿಂದ ಹೊಟ್ಟೆಗೆ ಏರಿತು. ಖಾರದ ಕೈ ಹೊಟ್ಟೆಗೂ ಹತ್ತಿತೇ ಎಂದು ಅತ್ತೆಯನ್ನು ಕೇಳಬೇಕೆಂದು ಅರುಣಾಳಿಗೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ. ಹುಡುಗಿಯನ್ನು ಹಾವೇರಿಗೆ ಒಯ್ದರು. ಅಲ್ಲಿ ಮೂತ್ರ ಪರೀಕ್ಷೆ ಮಾಡಿ, ಕಿಡ್ನಿಯಿಂದ ಪ್ರೋಟೀನು ಸೋರಿಹೋಗುತ್ತಿದೆ, ಅದಕ್ಕೇ ಊತ ಎಂದರು. ಸ್ಟೀರಾಯ್ಡ್ ಗುಳಿಗೆ ಬರೆದುಕೊಟ್ಟರು. ಇದು ಮಕ್ಕಳಿಗೆ ಬರುವ ಕಾಯಿಲೆಯೇ, ಬಹಳ ಮಕ್ಕಳಿಗೆ ಒಂದು ತಿಂಗಳೊಳಗೆ ಈ ಗುಳಿಗೆಯಿಂದಲೇ ಸೋರುವುದು ನಿಲ್ಲುತ್ತದೆ, ಮರೆಯದೆ ಕೊಡಿ ಎಂದು ಧೈರ್ಯ ಹೇಳಿದರು.

ಗುಳಿಗೆ ಕೊಡುವ ಕೆಲಸ ಅರುಣಾ ಕೇಳಿ ಪಡೆದಳು. ಬೀರವ್ವನಿಗೆ ಗುಳಿಗೆಯ ಗುರುತು ಸಿಗುತ್ತಿರಲಿಲ್ಲ, ಹಾಗಾಗಿ ಒಪ್ಪಿದಳು. ದಿನಾ ಬೆಳಿಗ್ಗೆ ಅಂಗಳಕ್ಕೆ ಹೋಗುವ ಮೊದಲು ಚಮಚದಲ್ಲಿ ಬಾಳೆಹಣ್ಣು ಕಿವುಚಿ, ಬೆರಳು ತಾಗಿಸದೆ ಗುಳಿಗೆ ಹುದುಗಿಸಿ, ನುಂಗಿಸಿ, "ಎಲ್ಲಿ, ನಾಲಿಗಿ ತೋರ್ಸು" ಅನ್ನುವಳು. ಕಾವ್ಯಾ ಗಂಟಲ ತನಕ ತೋರಿಸುವಳು. ಇಬ್ಬರೂ ನಗುವರು. ಮುಟ್ಟದೆಯೂ ತಾಯಿಯಾಗಲು ಬರುತ್ತದೆ ಎಂದು ಅರುಣಾಳಿಗೆ ಆಗ ಅನಿಸುತ್ತಿತ್ತು.

ಹುಡುಗಿಗೆ ಹಸಿವು ಹೆಚ್ಚಿತು, ಗಲ್ಲ ತುಂಬಿಕೊಂಡವು. ಓಣಿಯವರು "ಛಲೋ ಮೈ ಹಿಡದಾಳಲ್ಲ" ಎಂದರು. ಆದರೆ ಮೂತ್ರ ಪರೀಕ್ಷೆ ಮಾಡಿಸಿದಾಗಲೆಲ್ಲ ಪ್ರೋಟೀನು ಇದ್ದಷ್ಟೇ ಇತ್ತು. ತಿಂಗಳು ಕಳೆಯಿತು, ಮತ್ತೆ ಎರಡು ವಾರ ಹೋಯಿತು.

"ಗುಳಿಗಿ ಹೊಟ್ಟಿಗೆ ಹೋದ್ರಲ್ಲ ಗುಣ ಆಗೂದು," ಎಂದಳು ಬೀರವ್ವ, ಒಲೆಯ ಕಡೆ ನೋಡುತ್ತ.

ಅರುಣಾ ಗಂಡನ ಮುಖ ನೋಡಿದಳು. ಸರಕಿನ ಟೆಂಪೋ ಓಡಿಸುವ ಪುಂಡಲೀಕ ಕೆಟ್ಟವನಲ್ಲ, ಕೆಟ್ಟ ಮಾತೂ ಆಡಲಿಲ್ಲ. ಎದ್ದು ಹೋಗಿ ಗೂಡಿನಲ್ಲಿದ್ದ ಗುಳಿಗೆಯ ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿ, ಇದ್ದಲ್ಲಿಯೇ ಇಟ್ಟ. ಅವನು ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ದಾವಣಗೆರೆಯ ಕಿಡ್ನಿ ಡಾಕ್ಟರೊಬ್ಬರು ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಬರುತ್ತಾರೆ ಎಂದು ತಿಳಿದು ನಾಲ್ವರೂ ಅಲ್ಲಿಗೆ ಹೋದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಡಾಕ್ಟರು ಇನ್ನಾರಿಗೋ ಹೇಳುತ್ತಿದ್ದರು: ಗುಳಿಗೆ ತಪ್ಪಿಸಿದ್ದರಿಂದಲೇ ಗುಣವಾಗಿಲ್ಲ, ಸರಿಯಾಗಿ ಕೊಡಿ, ಇಳಿದೀತು, ಸರಿಯಾಗಿ ಕೊಟ್ಟೂ ಇಳಿಯದಿದ್ದರೆ ಅದು ಬೇರೆ ನಮೂನೆಯ ಕಿಡ್ನಿ ಕಾಯಿಲೆ, ಸೂಜಿ ಹಾಕಿ ಚೂರು ತೆಗೆದು ನೋಡಬೇಕಾಗುತ್ತದೆ. ಅರುಣಾ ಆ ಮಾತನ್ನು ಕೇಳಿಸಿಕೊಂಡು, ತನ್ನ ಪಕ್ಕದಲ್ಲಿ ಕಾಲು ಆಡಿಸುತ್ತ ಕೂತ ಹುಡುಗಿಯನ್ನು ನೋಡಿದಳು.

ಡಾಕ್ಟರು ಹೆಂಗಸು, ಮೆತ್ತನೆಯ ಮಾತಿನವರು. ಕಾವ್ಯಾಳ ಪಾದ ಒತ್ತಿ ನೋಡಿದರು. ರಿಪೋರ್ಟು ತಿರುವಿದರು.

"ಗುಳಿಗಿ ದಿನಾ ತಪ್ಪದ ಕೊಟ್ಟೀರೇನವ್ವಾ?"

ಪುಂಡಲೀಕ ನೆಲ ನೋಡಿದ. ಬೀರವ್ವ ಮುಂದೆ ಬಾಗಿದಳು.

"ಇಲ್ರಿ," ಎಂದಳು ಅರುಣಾ. "ಭಾಳ ಸಲ ತಪ್ಪಿಸೇನ್ರಿ. ಕೆಲಸದ ಗಡಿಬಿಡ್ಯಾಗ ಮರತಬಿಡತಿದ್ದೆ."

"ನಾ ಅಂದಿದ್ದಿಲ್ಲೇನು?" ಬೀರವ್ವ ಮಗನ ಕಡೆ ತಿರುಗಿದಳು. ಗೆದ್ದವಳ ಮಾತು ಅದು.

ಡಾಕ್ಟರು ಏನೂ ಬರೆಯಲಿಲ್ಲ. ಕಾವ್ಯಾಳ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಅಜ್ಜೀ, ಈ ಮುಖ ನೋಡ್ರಿ. ಗಲ್ಲ ಹೆಂಗ ದುಂಡಗ ಆಗ್ಯಾವ. ಇದು ಬರೇ ನೀರಿನ ಬಾವಲ್ಲ. ಈ ಗುಳಿಗಿ ದಿನಾ ಹೊಟ್ಟಿಗೆ ಹೋದ ಮಕ್ಕಳಿಗೆ ಹಿಂಗ ಆಗತೈತಿ. ಭಾಳ ಸಲ ತಪ್ಪಿಸಿದ್ರ ಈ ಮುಖ ಬರತಿದ್ದಿಲ್ಲ." ಆಮೇಲೆ ಅರುಣಾಳ ಕಡೆ ತಿರುಗಿದರು. "ಸುಳ್ಳ ಯಾಕ ಹೇಳಿದಿ ತಂಗಿ?"

ಅರುಣಾ ಸೆರಗಿನಲ್ಲಿ ಕೈ ಸುತ್ತಿಕೊಂಡಳು.

"ನನ್ನ ತಪ್ಪ ಇದ್ರ, ಇನ್ಮ್ಯಾಲೆ ಬರೋಬ್ಬರಿ ಕೊಟ್ರ ಗುಣ ಆಗತೈತಲ್ರಿ," ಎಂದಳು. "ತಪ್ಪು ಯಾರದೂ ಇಲ್ಲಂದ್ರ ನಾವೇನ್ ಮಾಡೂದ್ರಿ?"

ಬೀರವ್ವ ಕಾವ್ಯಾಳನ್ನು ಹತ್ತಿರ ಎಳೆದುಕೊಂಡು ಕೂತಳು.

ದಾವಣಗೆರೆಯಲ್ಲಿ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದರು. ರಿಪೋರ್ಟು ಬಂದ ವಾರ ಮತ್ತೆ ರಾಣೆಬೆನ್ನೂರಿಗೆ ಹೋದರು. ಕಿಡ್ನಿಯ ಒಳಗೆ ರಕ್ತ ಸೋಸುವ ಸಣ್ಣ ಸಣ್ಣ ಸಾಣಿಗೆಗಳಿರುತ್ತವೆ ಎಂದು ಡಾಕ್ಟರು ತಿಳಿಸಿ ಹೇಳಿದರು.

"ಭಾಳ ಮಕ್ಕಳದು ಚೂರು ತಗದು ದೊಡ್ಡದು ಮಾಡಿ ನೋಡಿದ್ರೂ ಸಾಣಿಗಿ ಚಂದಾಗೇ ಕಾಣತಾವ. ಅವು ಈ ಗುಳಿಗಿ ಮಾತು ಕೇಳತಾವ. ಇಕಿ ಸಾಣಿಗಿ ಒಳಗ ಅಲ್ಲಲ್ಲಿ ಕಲೆಗಟ್ಟಿ ಬಿರುಸಾಗ್ಯಾವ. ಇಂಥವು ಕೇಳೂದು ಕಡಿಮಿ. ಇದು ಯಾರ ಕೈಯಿಂದನೂ ಆದದ್ದಲ್ಲ, ಊಟದಿಂದ ಆದದ್ದೂ ಅಲ್ಲ."

"ಮತ್ತ ಮುಂದ, ಡಾಕ್ಟರ್ರೀ?" ಪುಂಡಲೀಕ ಮುಂದಕ್ಕೆ ಸರಿದು ಕೂತ.

"ಈ ಗುಳಿಗಿ ಒಮ್ಮೆಲೇ ಬಿಡಬಾರದು, ಸಾವಕಾಶ ಇಳಿಸೂಣು. ಬೇರೆ ಔಷಧ ಚಾಲೂ ಮಾಡೂಣು. ಅದರಿಂದ ಎಷ್ಟೋ ಮಕ್ಕಳಿಗೆ ಹತೋಟಿಗೆ ಬಂದೈತಿ, ಕೆಲವರಿಗೆ ಬಂದಿಲ್ಲ. ವರ್ಷಗಟ್ಟಲೆ ಕಾಯಬೇಕು. ಸುಳ್ಳ ಭರವಸೆ ಕೊಡಾಕ ನನಗ ಬರೂದಿಲ್ಲ. ಜ್ವರ, ನೆಗಡಿ ತಾಕಧಂಗ ನೋಡಕೋಬೇಕು. ಒಬ್ಬರು ದಿನಾ ಮುಂದ ಇರಬೇಕು. ಔಷಧ ಹೊತ್ತಿಗೆ ಸರಿ ಕೊಡೂ ಕೈ ಬೇಕು."

ಬಸ್ಸು ಹತ್ತಿ ಊರ ಕಡೆ ತಿರುಗಿದರು. ಅರುಣಾಳ ಮೇಲಿದ್ದ ತಪ್ಪು ಹೋಗಿತ್ತು. ಅದರಿಂದ ಅವಳಿಗೆ ಎಳ್ಳಷ್ಟೂ ಸಂತೋಷವಾಗಲಿಲ್ಲ. ತಪ್ಪು ತನ್ನ ಹತ್ತಿರವೇ ಉಳಿದು ಹುಡುಗಿ ಗುಣವಾಗಿದ್ದರೆ ಅವಳು ಜನ್ಮವಿಡೀ ಅದನ್ನು ಹೊತ್ತುಕೊಂಡು ತಿರುಗಾಡುತ್ತಿದ್ದಳು. ಮೋಟೆಬೆನ್ನೂರು ದಾಟುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಪಕ್ಕದಲ್ಲಿದ್ದ ಬೀರವ್ವ ನೋಡಿದಳು, ನೋಡದವಳ ಹಾಗೆ ಕೂತಳು.

ಮರುದಿನ ಬೆಳಿಗ್ಗೆ ಅರುಣಾ ಔಷಧ ಕೊಟ್ಟು, ಅಂಗಳಕ್ಕೆ ಹೋಗಲು ತಲೆಗೆ ಅರಿವೆ ಕಟ್ಟಿಕೊಳ್ಳಲು ಹುಡುಕಿದರೆ ಗೂಟದ ಮೇಲೆ ಅರಿವೆ ಇರಲಿಲ್ಲ. ಬೀರವ್ವ ಅದನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅತ್ತೀ, ಎಲ್ಲಿಗೆ?"

"ಮೆಣಸಿನಕಾಯಿಗೆ ನಾ ಹೊಕ್ಕೇನಿ. ಔಷಧ ಕೊಡಾಕ ನನಗ ಬರೂದಿಲ್ಲ, ತೊಟ್ಟು ಬಿಡಸಾಕ ಬರತೈತಿ. ನೀ ಇಕಿ ಮುಂದ ಇರು."

"ಈ ವಯಸ್ಸಿನ್ಯಾಗ ಅಷ್ಟೊತ್ತು ಕುಂದ್ರಾಕ ಆಗೂದಿಲ್ರಿ ನಿಮಗ."

"ಆಗತೈತಿ," ಎಂದು ಬೀರವ್ವ ಚಪ್ಪಲಿ ಮೆಟ್ಟಿದಳು. ಅಪೀಲು ಇರಲಿಲ್ಲ.

ಆ ದಿನ ಅರುಣಾ ಎಷ್ಟೋ ದಿನಗಳ ಮೇಲೆ ಕಾವ್ಯಾಳ ಮುಖವನ್ನು ಎರಡೂ ಕೈಯಿಂದ ತೊಳೆದಳು, ಅವಸರವಿಲ್ಲದೆ. ದುಂಡಗಿನ ಗಲ್ಲ ಅಂಗೈ ತುಂಬ ಬಂತು. ತನ್ನ ಪರವಾಗಿ ಸಾಕ್ಷಿ ಹೇಳಿದ ಮುಖ ಅದು, ಗುಣ ಮಾತ್ರ ಕಾಣದ ಮುಖವೂ ಅದೇ. ಒರೆಸುವುದು ಮುಗಿದರೂ ಕೈ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.

"ಚಿಗವ್ವ, ನಿನ್ನ ಕೈ ತಣ್ಣಗದಾವ," ಎಂದಳು ಕಾವ್ಯಾ, ಕಣ್ಣು ಮುಚ್ಚಿಯೇ.

ಸಂಜೆ ಬೀರವ್ವ ಬಂದಳು. ಮೂಗು ಕೆಂಪಗಾಗಿತ್ತು, ಸೊಂಟ ನೆಟ್ಟಗಾಗಿರಲಿಲ್ಲ. ಕಾವ್ಯಾ "ಅಜ್ಜೀ" ಎಂದು ಓಡಿದಳು. ಬೀರವ್ವ ಹೊಸ್ತಿಲಲ್ಲೇ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಮುಟ್ಟಬ್ಯಾಡವ್ವ," ಎಂದಳು. "ಕೈಗೆ ಖಾರ ಐತಿ."

ಅಂದವಳು ತಲೆಯೆತ್ತಿ ಸೊಸೆಯನ್ನು ನೋಡಿದಳು. ಕಣ್ಣು ತುಂಬಿದವು. ಒರೆಸಿಕೊಳ್ಳಲು ಕೈ ಎತ್ತಿದಳು.

"ಕಣ್ಣಿಗೆ ಕೈ ಹಚ್ಚಬ್ಯಾಡ್ರಿ ಅತ್ತೀ," ಎಂದು ಅರುಣಾ ಓಡಿಬಂದು ಆ ಕೈ ಹಿಡಿದಳು. ತನ್ನ ಸೆರಗಿನಿಂದ ಅತ್ತೆಯ ಕಣ್ಣೊರೆಸಿ, ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆಯ ಬೋಗುಣಿ ತರಲು ಒಳಗೆ ಹೋದಳು.